ಸೈಕಲ್‌ಗಳ ಕೆಳಗೊಂದು ಅಖಾಡ

ಟೋಕಿಯೋಗೆ ಬಂದು ಎರಡು ವರ್ಷವಾದ ಮೇಲೆ, ಮೊನ್ನೆ ಮೇ ತಿಂಗಳಲ್ಲಿ ಅಂತೂ ಸುಮೋ ನೋಡಿಕೊಂಡು ಬಂದೆವು. ನಾನು, ನನ್ನವಳು, ಎಂಟು ವರ್ಷದ ಮಗಳು. ಟಿಕೆಟ್ ಸಿಗೋದೇ ಒಂದು ದೊಡ್ಡ ಕುಸ್ತಿ ಬಿಡಿ :-)

ರ್ಯೋಗೊಕು ಕೊಕುಗಿಕಾನ್ ಅಂತ ಅದರ ಹೆಸರು. ಈಗಿನ ಕಟ್ಟಡ 1985ರದ್ದು. ಸುಮಾರು ಹನ್ನೊಂದು ಸಾವಿರ ಜನ ಕೂರಬಹುದು. ಕೆಳಗಡೆ ನಾಲ್ಕು ಜನಕ್ಕೊಂದು ಚೌಕ, ಚಪ್ಪಲಿ ಬಿಚ್ಚಿ ಚಕ್ಕಳಮಕ್ಕಳ ಹಾಕಿ ಕೂರಬೇಕು. ನಮ್ಮದು ಮೇಲಿನ ಅಗ್ಗದ ಕುರ್ಚಿ. ಮಧ್ಯದಲ್ಲಿ ಮಣ್ಣಿನ ಜಗಲಿ, ಅದೇ ದೊಹ್ಯೊ. ಅದರ ಮೇಲೆ ಹುಲ್ಲಿನ ಮೂಟೆ ಹೂತು ಮಾಡಿದ 4.55 ಮೀಟರ್ ಅಗಲದ ವೃತ್ತ. ಪ್ರತಿ ಪಂದ್ಯಾವಳಿಗೂ ಹೊಸದಾಗಿ ಕಟ್ಟುತ್ತಾರೆ. ಹಿಂದಿನ ದಿನ ಪೂಜೆ ಮಾಡಿ ಉಪ್ಪು, ಅಕ್ಕಿ, ಕಡಲಪಾಚಿ ಎಲ್ಲ ನಡುವೆ ಹೂಳುತ್ತಾರೆ. ಮೇಲೆ ಗುಡಿಯ ಚಾವಣಿಯಂಥದ್ದೊಂದು ಗಾಳಿಯಲ್ಲಿ ತೂಗುತ್ತಿರುತ್ತೆ. ಮೊದಲು ಅದಕ್ಕೆ ನಾಲ್ಕು ಕಂಬಗಳಿದ್ದವು. ನೋಡುವವರಿಗೆ ಅಡ್ಡ ಅಂತ 1952ರಲ್ಲಿ ತೆಗೆದುಹಾಕಿ, ಕಂಬಗಳ ಜಾಗದಲ್ಲಿ ಬಣ್ಣದ ಕುಚ್ಚು ಇಳಿಬಿಟ್ಟರು.

"ಅಪ್ಪಾ, ನಾನು ದೊಡ್ಡವಳಾದ್ಮೇಲೆ ಅಲ್ಲಿ ಹತ್ತಬಹುದಾ?"

ಅವಳ ಕ್ಲಾಸಿನ ಹುಡುಗನೊಬ್ಬ ಸುಮೋ ಕಲೀತಾನೆ. "ಮಣ್ಣು ಪುಟ್ಟಿ, ಬಟ್ಟೆ ಕೊಳೆಯಾಗತ್ತೆ" ಅಂದುಬಿಟ್ಟೆ. ಪಕ್ಕದಿಂದ ನನ್ನವಳು, "ಯಾಕ್ರೀ ಸುಳ್ಳು ಹೇಳ್ತೀರಾ?" ಅಂದಳು.

ಹೌದು, ಸುಳ್ಳೇ. ಇಂದಿಗೂ ಹೆಂಗಸರು ಆ ಜಗಲಿ ಹತ್ತುವಂತಿಲ್ಲ. 2018ರಲ್ಲಿ ಮೈಜುರು ಊರಿನಲ್ಲಿ ಮೇಯರ್ ಭಾಷಣ ಮಾಡುತ್ತಲೇ ದೊಹ್ಯೊ ಮೇಲೆ ಕುಸಿದುಬಿದ್ದರು. ಎದೆ ಒತ್ತಿ ಬದುಕಿಸಲು ಓಡಿಬಂದ ಹೆಂಗಸರಿಗೆ "ಕೆಳಗಿಳಿಯಿರಿ" ಅಂತ ಮೈಕಿನಲ್ಲಿ ಕೂಗಿದ್ದರು! ಆಮೇಲೆ ಸಂಘದವರು ಕ್ಷಮೆ ಕೇಳಿದರು. ನಿಯಮ ಮಾತ್ರ ಹಾಗೇ ಇದೆ.

ಇದನ್ನೆಲ್ಲ ಹೇಳಿದೆ. ಮಗಳು ಮಾತಾಡಲಿಲ್ಲ. ಕೊನೆಯ ಕುಸ್ತಿಯನ್ನೂ ಸರಿಯಾಗಿ ನೋಡಲಿಲ್ಲ.

ಮನಸ್ಸು ತಡೆಯದೆ ಸ್ಟೇಷನ್ನಿನ ಆ ಕಡೆ ಕರಕೊಂಡು ಹೋದೆ. ಅಲ್ಲಿ ಎಕೊಇನ್ ದೇವಸ್ಥಾನ. ಹಿಂದೆ ಅದರ ಅಂಗಳದಲ್ಲೇ ಸುಮೋ, ಮಳೆ ಬಂದರೆ ಆಟ ಬಂದ್. ಪಕ್ಕದಲ್ಲೇ 1909ರಲ್ಲಿ ಮೊದಲ ಕೊಕುಗಿಕಾನ್ ಎದ್ದಿತು. ವಿನ್ಯಾಸ ತಾತ್ಸುನೊ ಕಿಂಗೊ ಅವರದ್ದು, ಟೋಕಿಯೋ ಸ್ಟೇಷನ್ ಕಟ್ಟಿಸಿದವರು. 1917ರಲ್ಲಿ ಸುಟ್ಟುಹೋಯಿತು, ಕಟ್ಟಿದರು. 1923ರ ಭೂಕಂಪದಲ್ಲಿ ಮತ್ತೆ ಹೋಯಿತು, ಮತ್ತೆ ಕಟ್ಟಿದರು. ಯುದ್ಧಕಾಲದಲ್ಲಿ ಸೇನೆ ವಶಪಡಿಸಿಕೊಂಡು ಕಾಗದದ ಬಲೂನ್ ಬಾಂಬ್ ತಯಾರಿಕೆಗೆ ಬಳಸಿತು. ಆಗ ದೇಶದಾದ್ಯಂತ ಆ ಬಲೂನುಗಳಿಗೆ ಕಾಗದ ಅಂಟಿಸಲು ದುಡಿಸಿದ್ದು ಶಾಲಾ ಹುಡುಗಿಯರನ್ನು. ಅದಕ್ಕೆ ಮಾತ್ರ ಯಾವ ಮಡಿಯೂ ಅಡ್ಡ ಬರಲಿಲ್ಲ ನೋಡಿ...

ಆ ಕಟ್ಟಡವನ್ನು 1983ರಲ್ಲಿ ಕೆಡವಿದರು. ಈಗ ಅಲ್ಲಿ ವಸತಿ, ಅಂಗಡಿಗಳ ಸಮುಚ್ಚಯ. ಅದರ ಅಂಗಳದ ನೆಲದಲ್ಲಿ ಹಳೆಯ ದೊಹ್ಯೊ ಇದ್ದ ಜಾಗಕ್ಕೆ ಒಂದು ವೃತ್ತ ಹಾಕಿದ್ದಾರೆ. ಮೇಲೆಲ್ಲ ಸೈಕಲ್ ನಿಲ್ಲಿಸಿರುತ್ತಾರೆ, ಗೊತ್ತಿಲ್ಲದವರಿಗೆ ಕಾಣೋದೇ ಇಲ್ಲ.

ಮಗಳು ಎರಡು ಸೈಕಲ್‌ಗಳ ಸಂದಿಯಲ್ಲಿ ನುಸುಳಿ ವೃತ್ತದೊಳಗೆ ನಿಂತಳು. ಮಂಡಿ ಬಗ್ಗಿಸಿ, ಬಲಗಾಲೆತ್ತಿ ಧೊಪ್ಪೆಂದು ಹಾಕಿದಳು. ಆಮೇಲೆ ಎಡಗಾಲು.

ಸೈಕಲ್ ತೆಗೆದುಕೊಳ್ಳಲು ಬಂದ ಅಜ್ಜಿಯೊಬ್ಬರು, ಅವಳದು ಮುಗಿಯುವವರೆಗೂ ಗೆರೆಯ ಆಚೆಯೇ ನಿಂತಿದ್ದರು.