ಮನೆಯ ಜೀಪು ಮತ್ತು ಪರಿಗ್ರಹದ ಪರಿಮಾಣ

ಮುನಿಗಳು ಪೂರ್ಣವಾಗಿ ತ್ಯಜಿಸಬೇಕಾದ, ಶ್ರಾವಕರು ಮಿತಿ ಹಾಕಿಕೊಳ್ಳಬೇಕಾದ ಬಾಹ್ಯ ಪರಿಗ್ರಹಗಳನ್ನು ನಮ್ಮ ಆಚಾರ್ಯರು ಹತ್ತು ಬಗೆಯಾಗಿ ಎಣಿಸಿದ್ದಾರೆ. 'ಮೂಲಾಚಾರ'ದಲ್ಲಿ ಬರುವ ಆ ಎಣಿಕೆಯಲ್ಲಿ ಹೊಲ, ಮನೆ, ಧನ, ಧಾನ್ಯಗಳ ಜೊತೆಗೆ 'ಯಾನ'ಕ್ಕೂ ಒಂದು ಸ್ಥಾನವಿದೆ. ಪಲ್ಲಕ್ಕಿ, ರಥ, ಬಂಡಿಗಳ ಕಾಲದ ಆ ಮಾತು ಮೋಟಾರು ವಾಹನಗಳ ಈ ಕಾಲಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಹೊಲಮನೆಗಳಿಗೆ ಪರಿಮಾಣ ಮಾಡಿಕೊಂಡವರು ಉಂಟು. ವಾಹನಕ್ಕೆ ಮಾಡಿಕೊಂಡವರು ವಿರಳ. ಅದರಲ್ಲಿಯೂ ಆ ವಾಹನ ತೀರಿಕೊಂಡ ಹಿರಿಯರದಾಗಿದ್ದರೆ ಅದನ್ನು ಪರಿಗ್ರಹವೆಂದು ಕರೆಯಲು ನಾಲಿಗೆಯೇ ಏಳುವುದಿಲ್ಲ. ನೆನಪು ಎನ್ನುತ್ತೇವೆ, ಗೌರವ ಎನ್ನುತ್ತೇವೆ. ನಮ್ಮ ಮನೆತನದಲ್ಲಿರುವ ಹಳೆಯ ಜೀಪಿನ ನಿಮಿತ್ತವಾಗಿ ಈ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇನೆ.

ಅದು ಮಹೀಂದ್ರ ಸಂಸ್ಥೆಯ ಸಿಜೆ-3ಬಿ ಮಾದರಿಯ ಪೆಟ್ರೋಲ್ ಜೀಪು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಬಳಸಿದ ವಿಲ್ಲಿಸ್ ಜೀಪಿನ ಸಂತತಿಗೆ ಸೇರಿದ್ದು. ಮಹೀಂದ್ರದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿ, ಮುಂದೆ ಪರವಾನಗಿ ಪಡೆದು ಈ ಮಾದರಿಯನ್ನು ಇಲ್ಲಿಯೇ ತಯಾರಿಸಿದರು. ನಾಲ್ಕು ಸಿಲಿಂಡರುಗಳ, ಸುಮಾರು 2.2 ಲೀಟರಿನ ಎಂಜಿನ್ನು. ಅದು ಹಿಂದಿನದಕ್ಕಿಂತ ಎತ್ತರವಾದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಆ ಎತ್ತರದ ಬಾನೆಟ್ಟೇ ಈ ಮಾದರಿಯ ಗುರುತು. ಚಾಲಕನ ಪಕ್ಕದಲ್ಲಿ ನೆಲದಿಂದ ಮೇಲೆದ್ದ ಮೂರು ಹಿಡಿಗಳಿವೆ: ಒಂದು ಗೇರಿನದು, ಒಂದು ಮುಂದಿನ ಗಾಲಿಗಳಿಗೂ ಶಕ್ತಿ ಕೊಡುವುದು, ಇನ್ನೊಂದು ಕೆಸರಿನಲ್ಲಿ, ಏರಿನಲ್ಲಿ ನಿಧಾನವಾಗಿ ಬಲವಾಗಿ ಎಳೆಯುವುದಕ್ಕೆ.

ನಮ್ಮ ತೀರ್ಥರೂಪರು ಇದನ್ನು 1968ರಲ್ಲಿ ಕೊಂಡರು. ಆಗ ರಾಜ್ಯಕ್ಕೆ ಮೈಸೂರು ಎಂಬ ಹೆಸರು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಊರು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು, ಆಮೇಲೆ ನ್ಯಾಮತಿಯೂ ಬೇರೆ ತಾಲ್ಲೂಕಾಯಿತು. ಜೀಪು ಮಾತ್ರ ಚನ್ನಗಿರಿಯ ಅದೇ ಕೊಟ್ಟಿಗೆಯಲ್ಲಿತ್ತು. ತೋಟದಿಂದ ಅಡಿಕೆ ಮೂಟೆಗಳನ್ನು ತಂದದ್ದು, ಸೂಳೆಕೆರೆಯ ಕಡೆಯ ಹಳ್ಳಿಗಳಿಂದ ಹೆರಿಗೆಯ ಹೆಣ್ಣುಮಕ್ಕಳನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ. 1972-73ರ ಬರಗಾಲದಲ್ಲಿ ಜಗಳೂರು ಸೀಮೆಯ ನಮ್ಮ ಸೋದರಮಾವನ ಊರಿಗೆ ಟ್ರೈಲರಿನಲ್ಲಿ ನೀರಿನ ಡ್ರಮ್ಮುಗಳನ್ನು ಎಳೆದದ್ದೂ, 1981ರ ಮಹಾಮಸ್ತಕಾಭಿಷೇಕಕ್ಕೆ ಮನೆಮಂದಿಯನ್ನೆಲ್ಲ ಶ್ರವಣಬೆಳಗೊಳಕ್ಕೆ ಕರೆದೊಯ್ದದ್ದೂ ಅದೇ.

ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಅಳತೆ ಮೀರಿ ಓಡಿಸುವುದು ಮೊದಲನೆಯ ದೋಷ, ಅಳತೆ ಮೀರಿ ಹೊರಿಸುವುದು ಕೊನೆಯ ದೋಷ. ಎತ್ತು, ಕುದುರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತಾದರೂ ವಾಹನ ಇಟ್ಟುಕೊಂಡವನಿಗೆ ಇದಕ್ಕಿಂತ ಹತ್ತಿರದ ಉಪದೇಶ ಬೇರೊಂದಿಲ್ಲ. ನಮ್ಮ ತಂದೆಯವರು ಗ್ರಂಥ ಹಿಡಿದು ಉಪನ್ಯಾಸ ಮಾಡಿದವರಲ್ಲ. ಬಸ್ಸು ಹೋಗುವ ಊರಿಗೆ ಜೀಪು ತೆಗೆಯುತ್ತಿರಲಿಲ್ಲ. ಇಷ್ಟೇ ಮೂಟೆ, ಇಷ್ಟೇ ಜನ ಎಂಬ ಲೆಕ್ಕವನ್ನು ನೆಂಟರ ಮುಂದೆಯೂ ಸಡಿಲಿಸುತ್ತಿರಲಿಲ್ಲ. ಮುಂಗಾರಿನಲ್ಲಿ ಕಪ್ಪೆ, ಏಡಿ, ಹುಳುಹುಪ್ಪಟೆಗಳು ರಸ್ತೆಗೆ ಬರುವುದರಿಂದ ಚಾತುರ್ಮಾಸದಲ್ಲಿ ರೋಗಿಗಳ ಹೊರತು ಯಾರಿಗಾಗಿಯೂ ರಾತ್ರಿ ಓಡಿಸುತ್ತಿರಲಿಲ್ಲ. ನಾಲ್ಕು ದಿನ ನಿಂತ ಜೀಪನ್ನು ಬಾನೆಟ್ಟು ತೆರೆದು ನೋಡದೆ ಚಾಲೂ ಮಾಡುತ್ತಿರಲಿಲ್ಲ. ಇಲಿಯೋ ಅಳಿಲೋ ಫ್ಯಾನಿನ ಬಳಿ ಗೂಡು ಮಾಡಿಕೊಂಡಿರಬಹುದೆಂಬ ಶಂಕೆ. ಬಿಡಿಭಾಗಗಳಿಗಾಗಿ ಇರಲಿ ಎಂದು ಕೆಟ್ಟುನಿಂತ ಇನ್ನೊಂದು ಜೀಪನ್ನು ಅಗ್ಗಕ್ಕೆ ಕೊಡಬಂದವರನ್ನು, "ಒಂದನ್ನು ಕಾಯುವುದೇ ಸಾಕಾಗಿದೆ" ಎಂದು ಹಿಂದಕ್ಕೆ ಕಳುಹಿಸಿದರು.

ಮುನಿಸಂಘವೊಂದು ನಮ್ಮ ಸೀಮೆಯಲ್ಲಿ ವಿಹಾರ ಮಾಡಿದಾಗ ಚೌಕದ ಪಾತ್ರೆಪದಾರ್ಥಗಳನ್ನು ಹೊತ್ತ ಜೀಪು ಮುಂದಿನ ಊರಿಗೆ ಹೋಯಿತು. ತಂದೆಯವರು ಅದರಲ್ಲಿ ಕೂರದೆ ಸಂಘದ ಹಿಂದೆ ಬರಿಗಾಲಿನಲ್ಲಿ ನಡೆದರು. ಪಿಂಛಿ ಕಮಂಡಲುಗಳ ಹೊರತು ಏನನ್ನೂ ಇರಿಸಿಕೊಳ್ಳದವರು ಮುಂದೆ ನಡೆಯುತ್ತಿರುವಾಗ ತನಗೂ ನಡೆಯಲು ಕಾಲುಗಳಿವೆ ಎಂಬುದು ನೆನಪಾಯಿತೆಂದು ಆ ರಾತ್ರಿ ನಗುತ್ತ ಹೇಳಿದರು.

2022ರಲ್ಲಿ ಅವರು ತೀರಿಕೊಂಡರು. ಹಿರಿಯ ಅಣ್ಣನವರು ಚನ್ನಗಿರಿಯಲ್ಲಿ, ಅಕ್ಕ ಹೊನ್ನಾಳಿಯಲ್ಲಿ, ಎರಡನೆಯ ಅಣ್ಣ ನ್ಯಾಮತಿಯಲ್ಲಿ, ಕಿರಿಯನಾದ ನಾನು ಜಗಳೂರಿನಲ್ಲಿ ಇದ್ದೇವೆ. ಜಮೀನಿನ ಪಾಲು ತಕರಾರಿಲ್ಲದೆ ಮುಗಿಯಿತು. ಮಾತು ಬೆಳೆದದ್ದು ಜೀಪಿನ ಹತ್ತಿರ. ಬೆಂಗಳೂರಿನ ಹಳೆಯ ವಾಹನಗಳ ಸಂಗ್ರಾಹಕರೊಬ್ಬರು ಹೊಸದೊಂದು ಸಣ್ಣ ಕಾರಿನ ಬೆಲೆಯನ್ನೇ ಕೊಡುವುದಾಗಿ ಹೇಳಿ ಕಳುಹಿಸಿದ್ದರು. ಮಗಳ ಓದಿಗೆ ಹಣ ಹೊಂದಿಸುತ್ತಿದ್ದ ನ್ಯಾಮತಿಯ ಅಣ್ಣ ಮಾರೋಣವೆಂದರು. ಹಿರಿಯ ಅಣ್ಣನವರು ಅಪ್ಪನ ಜೀಪನ್ನು ಪರರ ಕೈಗೆ ಕೊಡಲಾರೆನೆಂದರು. ಅಕ್ಕನನ್ನು ಯಾರೂ ಕೇಳಿರಲಿಲ್ಲ. ಆಕೆಯೇ ಬಾಯಿಬಿಟ್ಟು, "ಅಪ್ಪ ನಮ್ಮನ್ನೆಲ್ಲ ಕೂರಿಸಿಕೊಂಡು ಓಡಿಸಿದ ಜೀಪು ಇದು. ಪಾಲಿನ ಮಾತು ಬಂದಾಗ ನನ್ನೊಬ್ಬಳನ್ನು ಯಾಕಪ್ಪ ಕೆಳಗಿಳಿಸುತ್ತೀರಿ?" ಎಂದಳು.

ಕಾನೂನೂ ಆಕೆಯ ಪಕ್ಷದಲ್ಲಿಯೇ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಮೃತ್ಯುಪತ್ರವಿಲ್ಲದೆ ತೀರಿಕೊಂಡವರ ಸ್ವಯಾರ್ಜಿತದಲ್ಲಿ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಸಮಪಾಲಿನವರು. ಆದ್ದರಿಂದ ನಮ್ಮ ಜೀಪಿಗೆ, ತಾಯಿಯವರೂ ಸೇರಿ, ಐದು ಪಾಲು. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ಆ ಸಂಗತಿಯನ್ನು ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಹಳೆಯ ವಾಹನ ಉಳ್ಳ ಕುಟುಂಬಗಳು ಇದನ್ನು ಅವಶ್ಯವಾಗಿ ತಿಳಿದಿರಬೇಕು.

ಇನ್ನೊಂದು ದಾರಿಯೂ ಇತ್ತು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ, ಫಲಕದಲ್ಲಿ 'ವಿಎ' ಎಂಬ ಅಕ್ಷರಗಳು. ಆದರೆ ಅಂತಹ ವಾಹನವನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ ಇಂತಹವುಗಳಿಗಲ್ಲದೆ ನಿತ್ಯದ ಕೆಲಸಕ್ಕೆ ಬಳಸುವಂತಿಲ್ಲ. ಪರಂಪರೆಯ ರಕ್ಷಣೆಗೆ ಇದು ಒಳ್ಳೆಯ ನಿಯಮವೇ. ನಮ್ಮ ತಾಯಿಯವರಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. "ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಅವರು ತಂದದ್ದು. ನಾಲ್ಕು ಜನ ನೋಡಲಿ ಎಂದು ನಿಲ್ಲಿಸುವುದಾದರೆ ಬೇಡ" ಎಂದರು.

ತತ್ತ್ವಾರ್ಥಸೂತ್ರಕಾರರು ಮೂರ್ಛೆಯನ್ನೇ, ಅಂದರೆ ಮಮತ್ವವನ್ನೇ, ಪರಿಗ್ರಹವೆಂದಿದ್ದಾರೆ. ಇದರ ಆಸರೆಯಿಂದ, ಮನಸ್ಸಿನಲ್ಲಿ ಮೋಹವಿಲ್ಲದಿದ್ದರೆ ಎಷ್ಟು ಇಟ್ಟುಕೊಂಡರೂ ದೋಷವಿಲ್ಲ ಎಂದು ವಾದಿಸುವವರುಂಟು. ಮೋಹವಿದೆಯೋ ಇಲ್ಲವೋ ಎಂಬುದು ವಸ್ತುವನ್ನು ಕೈಯಲ್ಲಿ ಹಿಡಿದಿರುವಾಗ ತಿಳಿಯುವುದಿಲ್ಲ. ಅದಕ್ಕಾಗಿ ಮತ್ತೊಬ್ಬರಿಗೆ ಎಷ್ಟು ನೋವು ಕೊಡಲು ಸಿದ್ಧರಿದ್ದೇವೆ ಎಂಬುದರಿಂದ ತಿಳಿಯುತ್ತದೆ. ಹಣದ ಅವಶ್ಯಕತೆಯಿದ್ದ ಸೋದರನ ಪಾಲನ್ನು ನೆನಪಿನ ಹೆಸರಿನಲ್ಲಿ ಕಟ್ಟಿಹಾಕುವುದು ಪಿತೃಭಕ್ತಿಯಾಗಲಾರದು. ನೆನಪನ್ನು ಉಳಿಸಿಕೊಳ್ಳಬೇಕೆನ್ನುವವರು ಅದರ ಬೆಲೆಯನ್ನೂ ತಾವೇ ತೆರಬೇಕು.

ಹಾಗೆಯೇ ಮಾಡಿದೆವು. ನ್ಯಾಮತಿಯ ಅಣ್ಣನವರ ಪಾಲಿನ ಮೊತ್ತವನ್ನು ಸಂಗ್ರಾಹಕರು ಹೇಳಿದ ಬೆಲೆಯ ಲೆಕ್ಕದಲ್ಲಿಯೇ ಉಳಿದವರು ಕೂಡಿ ಕೊಟ್ಟೆವು. ನೋಂದಣಿ ಅಕ್ಕನ ಹೆಸರಿಗಾಯಿತು. ಕೆಲಸವಿರುವುದು ತೋಟದಲ್ಲಾದ್ದರಿಂದ ಜೀಪು ಚನ್ನಗಿರಿಯಲ್ಲಿ ಉಳಿಯಿತು. ಒಂದು ಹಾಳೆಯಲ್ಲಿ ಮೂರು ಮಾತುಗಳನ್ನು ಬರೆದು ಎಲ್ಲರೂ ರುಜು ಮಾಡಿದೆವು. ಇದರ ಜೊತೆಗೆ ಇನ್ನೊಂದು ಹಳೆಯ ವಾಹನವನ್ನು ಕೊಳ್ಳತಕ್ಕದ್ದಲ್ಲ. ಮೋಜಿಗಾಗಿ ಓಡಿಸತಕ್ಕದ್ದಲ್ಲ. ಒಂದು ವರ್ಷ ಪೂರ್ತಿ ಕೆಲಸವಿಲ್ಲದೆ ನಿಂತರೆ ಕೊಟ್ಟುಬಿಡತಕ್ಕದ್ದು. ಬಂದ ಹಣ ಔಷಧದಾನಕ್ಕೆ. ದೊಡ್ಡ ಟೈರು ಹಾಕಿಸಿ ಗುಡ್ಡ ಹತ್ತಿಸಬೇಕೆಂದಿದ್ದ ಅಣ್ಣನ ಮಗ ಎರಡನೆಯ ಮಾತಿಗೆ ಮುಖ ಸಣ್ಣದು ಮಾಡಿಕೊಂಡ. ಮಾರಿದ್ದರೇ ಚೆನ್ನಾಗಿತ್ತೆಂದು ನ್ಯಾಮತಿಯ ಅಣ್ಣ ಈಗಲೂ ಹೇಳುತ್ತಾರೆ. ಅವರ ಮಾತಿನಲ್ಲಿಯೂ ಸತ್ಯವಿದೆ. ಪೆಟ್ರೋಲಿನ ಖರ್ಚು, ಹೊಗೆ ಇವುಗಳನ್ನು ನೋಡಿದರೆ ಮೂರನೆಯ ಮಾತು ನಡೆಯುವ ದಿನ ಬಹಳ ದೂರವಿರಲಾರದು.

ಮನೆಗಳಿಗೆ ಹೇಳಿದ್ದು ಸಂಸ್ಥೆಗಳಿಗೂ ಸಲ್ಲುತ್ತದೆ. ದಾನಿಗಳು ಭಕ್ತಿಯಿಂದ ಕೊಟ್ಟ ವಾಹನ ಬಸದಿಯ ಆವರಣದಲ್ಲಿ ಗಾಳಿಯಿಳಿದು ನಿಂತು, ವಿಮೆ ತೆರಿಗೆಗಳ ಬಾಕಿ ಬೆಳೆಸಿಕೊಂಡು, ಹಾವು ಹಲ್ಲಿಗಳಿಗೆ ಮನೆಯಾಗುವುದುಂಟು. ದಾನಿಯ ಮನಸ್ಸು ನೋಯುತ್ತದೆಂದು ವಿಲೇವಾರಿ ಮಾಡಲು ಟ್ರಸ್ಟಿನವರು ಹಿಂಜರಿಯುತ್ತಾರೆ. ಸ್ವೀಕರಿಸುವ ದಿನವೇ, ಇದನ್ನು ಎಲ್ಲಿಯವರೆಗೆ ಇಟ್ಟುಕೊಳ್ಳುತ್ತೇವೆ, ಆಮೇಲೆ ಯಾರಿಗೆ ಕೊಡುತ್ತೇವೆ ಎಂದು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರೆ ಆ ಸಂಕೋಚಕ್ಕೆ ಎಡೆಯಿರುವುದಿಲ್ಲ. ವಸ್ತುವಿನ ಮೇಲೆ ಪ್ರೀತಿಯಿರುವಾಗಲೇ ಅದನ್ನು ಬಿಡುವ ದಿನವನ್ನು ಗೊತ್ತುಮಾಡಿಕೊಳ್ಳುವುದು ಕಠಿಣವಾದರೂ, ಪರಿಮಾಣವ್ರತ ನಮ್ಮಿಂದ ಕೇಳುವುದು ಅಷ್ಟನ್ನೇ.