ಸೈಲೆನ್ಸರೂ ಬಚ್ಚಲುಮನೆಯೂ

ಟೀವಿಯಲ್ಲಿ ಪೊಲೀಸರು ಬೈಕುಗಳಿಂದ ಬಿಚ್ಚಿಸಿದ ಸೈಲೆನ್ಸರುಗಳನ್ನು ನಡುರಸ್ತೆಯಲ್ಲಿ ಸಾಲಾಗಿ ಮಲಗಿಸಿ ಅವುಗಳ ಮೇಲೆ ರೋಡ್ ರೋಲರ್ ಹತ್ತಿಸುತ್ತಿದ್ದರು. ಊರನ್ನೇ ನಡುಗಿಸಿದ ಕೊಳವೆಗಳು ಸದ್ದಿಲ್ಲದೆ ಅಪ್ಪಚ್ಚಿಯಾದವು. ಗುಡುಗುಟ್ಟಿದ್ದು ರೋಲರ್ ಮಾತ್ರ. ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. "ನಮ್ಮನೇದೂ ಒಂದಿದೆಯಲ್ಲ, ಅದನ್ನೂ ಅಲ್ಲೇ ಮಲಗಿಸಿ ಬಾ" ಅಂದಳು.

ನಮ್ಮನೇದು ಅಂದರೆ ಅವಳ ಮಗನ ಥಾರ್. ಕೃಷ್ಣರಾವ್ ಪಾರ್ಕಿನ ಹಿಂದೆ, ಎದುರಿಗೆ ಸ್ಕೂಟರ್ ಬಂದರೂ ಒಂದು ಕಾಲು ಕೆಳಗಿಟ್ಟು ನಿಲ್ಲಬೇಕಾದ ಅಡ್ಡರಸ್ತೆಯಲ್ಲಿ, ಬೆಟ್ಟ ಹತ್ತುವ ಗಾಡಿ. ಆಗೊಮ್ಮೆ ಈಗೊಮ್ಮೆ ಸಕಲೇಶಪುರದ ಕೆಸರಲ್ಲಿ ಹೊರಳಿ ಬರುತ್ತದೆ. ಮಿಕ್ಕ ದಿನ ಗಾಂಧಿ ಬಜಾರಿಗೆ ಕೊತ್ತಂಬರಿ ಸೊಪ್ಪು ತರಲು ಹೋಗುತ್ತದೆ. ಕಂಪನಿಯ ಸೈಲೆನ್ಸರ್ ಬಿಚ್ಚಿ ಗುಜರಿಗೆ ಕೊಟ್ಟು, ಎಲ್ಲಿಂದಲೋ ಹೊಗೆಯನ್ನು ತಡೆಯಿಲ್ಲದೆ ಬಿಡುವ ಒಂದು ಫ್ರೀ ಫ್ಲೋ ಹಾಕಿಸಿಕೊಂಡು ಬಂದ. ಅಂದಿನಿಂದ ಅವನು ಬುಲ್ ಟೆಂಪಲ್ ರಸ್ತೆಯಿಂದ ತಿರುಗಿದ್ದು ಮೊದಲು ಗೊತ್ತಾಗುತ್ತಿದ್ದದ್ದು ಅಡುಗೆಮನೆಯ ಸ್ಟೀಲ್ ತಟ್ಟೆಗಳಿಗೆ. ಕಡಲೆಕಾಯಿ ಪರಿಷೆಯ ಪೀಪಿಗಳನ್ನು ವರ್ಷಾ ವರ್ಷ ತಡೆದುಕೊಳ್ಳುವ ಬಡಾವಣೆ ಇದು. ಆದರೆ ಪರಿಷೆ ಮುಗಿಯುತ್ತದೆ.

"ಎಂಜಿನ್ ಉಸಿರಾಡಬೇಕಲ್ವಾ ಮಾಮ?"

"ಉಸಿರಾಡಲಿ ಕಣೋ, ಬೇಡ ಅಂದೋರ್ಯಾರು? ನಿಮ್ಮಜ್ಜಿ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಬೇಕಲ್ಲ."

ಇಂಥ ಮಾತು ಬಂದಾಗಲೆಲ್ಲ ನನಗೆ ಮೆಷಿನ್ ಗನ್ ಮಾಡಿದ ಹಿರಮ್ ಮ್ಯಾಕ್ಸಿಮ್ ನೆನಪಾಗುತ್ತಾನೆ. ಲಂಡನ್ನಿನ ವೆಸ್ಟ್ ನಾರ್‌ವುಡ್‌ನಲ್ಲಿದ್ದಾಗ ಈ ಪುಣ್ಯಾತ್ಮ ತನ್ನ ಮನೆಯ ತೋಟದಲ್ಲೇ ಬಂದೂಕು ಹಾರಿಸಿ ನೋಡುತ್ತಿದ್ದ. ಅದಕ್ಕೆ ಮುಂಚೆ ಊರಿನ ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಿದ್ದನಂತೆ: ನೆರೆಹೊರೆಯವರು ದಯವಿಟ್ಟು ಕಿಟಕಿ ತೆರೆದಿಡಬೇಕು, ಇಲ್ಲದಿದ್ದರೆ ಗಾಜು ಒಡೆದೀತು. ನಮ್ಮ ಹುಡುಗ ಅಷ್ಟು ಸೌಜನ್ಯವನ್ನೂ ತೋರಿಸಿರಲಿಲ್ಲ. ನಾರ್‌ವುಡ್‌ನ ಗಾಜುಗಳ ಗತಿ ಏನಾಯಿತೋ, ಮ್ಯಾಕ್ಸಿಮ್‌ನ ಕಿವಿ ಮಾತ್ರ ಉಳಿಯಲಿಲ್ಲ. ತನ್ನ ಬಂದೂಕಿನ ಸದ್ದಿಗೆ ತಾನೇ ಕಿವುಡನಾದ.

ಅವನ ಮಗ ಹಿರಮ್ ಪರ್ಸಿ. ಅಪ್ಪ 1881ರಲ್ಲಿ ಯುರೋಪಿಗೆ ಹೋದವನು ಅಲ್ಲೇ ನೆಲೆಯೂರಿದ. ಮಗ ಅಮೆರಿಕದಲ್ಲಿ ಬೆಳೆದು, ಎಂಐಟಿಯಲ್ಲಿ ಓದಿ, 1890ರ ದಶಕದಲ್ಲಿ ಒಂದು ಮೂರು ಚಕ್ರದ ಸೈಕಲ್ಲಿಗೆ ಪೆಟ್ರೋಲ್ ಎಂಜಿನ್ ಕಟ್ಟಿ ಓಡಿಸಿದ. ಅದರ ಆರ್ಭಟವೂ ಅಪ್ಪನ ಬಂದೂಕಿಗಿಂತ ತೀರಾ ಕಡಿಮೆಯದಾಗಿರಲಿಕ್ಕಿಲ್ಲ. ಮುಂದೊಂದು ದಿನ ಸ್ನಾನ ಮುಗಿಸಿ ತೊಟ್ಟಿಯ ನೀರು ಬಿಟ್ಟಾಗ, ಅದು ಬುಳಕ್ಕನೆ ಇಳಿಯದೆ ಸುಳಿ ಸುತ್ತುತ್ತ ಸಾವಕಾಶ ಹೋಗುವುದು ಅವನ ಕಣ್ಣಿಗೆ ಬಿತ್ತು. ಬಂದೂಕಿನ ಬಾಯಿಂದ ನುಗ್ಗುವ ಬಿಸಿ ಗಾಳಿಯನ್ನೂ ಹೀಗೇ ಸುತ್ತಿಸಿ ಸುತ್ತಿಸಿ ಸುಸ್ತು ಮಾಡಿ ಹೊರಗೆ ಬಿಟ್ಟರೆ ಸದ್ದೆಲ್ಲಿಂದ ಬರಬೇಕು? 1909ರಲ್ಲಿ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಸಿಕ್ಕಿತು. ಆಮೇಲೆ ಅವನ ಕಂಪನಿ ಎಂಜಿನ್‌ಗಳ ಬಾಯಿಯನ್ನೂ ಮುಚ್ಚಿಸಲು ಹೊರಟಿತು. ಇಂಡಿಯಾನಾದ ರೀವ್ಸ್ ಸಹೋದರರು 1897ರಲ್ಲೇ ಗಾಡಿಯ ಮಫ್ಲರಿಗೆ ಪೇಟೆಂಟ್ ಪಡೆದಿದ್ದರೆಂದು ತಿಳಿದವರು ಹೇಳುತ್ತಾರೆ. ಬೇಕಾದವರು ಅವರಿಗೆ ಮೊದಲ ಮಣೆ ಹಾಕಲಿ. ಅವರ ಕಥೆಯಲ್ಲಿ ಕಿವುಡ ಅಪ್ಪನಿಲ್ಲ, ಬಚ್ಚಲೂ ಇಲ್ಲ. ನನ್ನ ಮಣೆ ಪರ್ಸಿಗೇ.

ಬಚ್ಚಲಿನ ಮೇಲೆ ನನಗಿರುವ ಪಕ್ಷಪಾತಕ್ಕೆ ಚಿಕ್ಕಪ್ಪನ ಯೆಜ್ಡಿ ಕಾರಣ. ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಬೈಕು ಹಡೆಯಿತು; ಅದರದೇ ಕೂಸು. ಒಂದೇ ಸಿಲಿಂಡರು, ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು; ಆ ಆಯಿಲ್ ಅರೆಬರೆ ಉರಿದು ಕೊಳವೆಯೊಳಗೆ ಟಾರಿನ ಹಾಗೆ ಮಸಿ ಕಟ್ಟುತ್ತದೆ. ಬೈಕು ಮುಕ್ಕರಿಯಲು ಶುರುಮಾಡಿದರೆ ಚಿಕ್ಕಪ್ಪ ಭಾನುವಾರ ಬೆಳಗ್ಗೆ ಸೈಲೆನ್ಸರಿನ ಬಾಲದ ಬೋಲ್ಟ್ ಸಡಿಲಿಸಿ, ಒಳಗಿನ ತೂತು ತೂತಿನ ಬ್ಯಾಫಲ್ ಎಳೆದು, ಬಚ್ಚಲಿನ ಹಂಡೆಯ ಒಲೆಗೆ ತುರುಕುತ್ತಿದ್ದರು. ತೆಂಗಿನ ಗರಿಯ ಜೊತೆ ಅದೂ ಕೆಂಪಗೆ ಕಾಯುತ್ತಿತ್ತು. ಇಕ್ಕಳದಲ್ಲಿ ಹಿಡಿದು ಕಲ್ಲಿಗೆ ಕುಟ್ಟಿದರೆ ಮಸಿ ಹೊಪ್ಪಳೆ ಹೊಪ್ಪಳೆಯಾಗಿ ಉದುರಿ, ಮುಚ್ಚಿಹೋಗಿದ್ದ ತೂತುಗಳು ಒಂದೊಂದಾಗಿ ಕಣ್ಣು ಬಿಡುತ್ತಿದ್ದವು. "ಈ ಹೊಗೆ ನೀರಲ್ಲಿ ನಾನು ಮೀಯೋದಿಲ್ಲ" ಅಂತ ಅಜ್ಜಿ ಜಗಲಿಗೆ ಹೋಗಿ ಕೂರುತ್ತಿದ್ದರು.

ಬ್ಯಾಫಲ್ ಒಲೆಯಲ್ಲಿರುವಾಗಲೇ ಒಮ್ಮೆ ಚಿಕ್ಕಪ್ಪ ಬೈಕ್ ಏರಿ ಚಾಮರಾಜಪೇಟೆಗೆ ಹೋಗಿಬಂದರು. ಹೋದದ್ದೂ ಬಂದದ್ದೂ ನಾವು ಮನೆಯಲ್ಲೇ ಕೂತು ಕೇಳಿದೆವು. ಇಳಿದವರ ಮುಖ ಸಪ್ಪಗಿತ್ತು: "ಬರೀ ಕೂಗುತ್ತೆ, ಎಳೆಯೋದೇ ಇಲ್ಲ." ಟೂ ಸ್ಟ್ರೋಕಿನ ಗುಟ್ಟೇ ಅದು. ಸೈಲೆನ್ಸರಿನ ಒಳಗೋಡೆಗೆ ಬಡಿದು ಹಿಂತಿರುಗುವ ಒತ್ತಡದ ಅಲೆ, ಸಿಲಿಂಡರಿನಿಂದ ಉರಿಯದೆ ತಪ್ಪಿಸಿಕೊಳ್ಳಹೊರಟ ಹೊಸ ಪೆಟ್ರೋಲನ್ನು ಒಳಕ್ಕೆ ದಬ್ಬುತ್ತದೆ. ಅದನ್ನು ಕೆಡಿಸಿದರೆ ಉಳಿಯುವುದು ಗಂಟಲು ಮಾತ್ರ. ಇದನ್ನು ಅಳಿಯನಿಗೆ ಹೇಳಿದೆ. "ನಮ್ದು ಫೋರ್ ಸ್ಟ್ರೋಕ್ ಮಾಮ" ಅಂದ.

ಕಾನೂನನ್ನೂ ತೋರಿಸಿದ್ದಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು ಸೈಲೆನ್ಸರಿನದೇ. ಸದ್ದಿನ ಮಿತಿ ಮೀರಿದರೆ ಹತ್ತು ಸಾವಿರದವರೆಗೆ ದಂಡ. ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ದಾರಿಗೆ ತಂದದ್ದು ಹಾಸನದ ಹೆದ್ದಾರಿ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗುವಾಗ ಗಾಡಿಯೊಳಗೇ ಗುಂಯ್ ಎಂಬ ಮಂದ್ರ ಸ್ವರ ಹಿಡಿದುಕೊಂಡು ಬಿಡುವುದೇ ಇಲ್ಲವಂತೆ. ತಲೆನೋವು. ಪಕ್ಕದಲ್ಲಿ ಕೂರುವ ಹುಡುಗಿ ಇನ್ನು ಬರುವುದಿಲ್ಲ ಅಂದಳೆಂದು ಅಕ್ಕ ಆಮೇಲೆ ಪಿಸುಗುಟ್ಟಿದಳು.

ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರ ವೆಲ್ಡರ್ ಮೊದಲು ಕೇಳಿದ್ದು, "ಕಂಪನಿ ಐಟಂ ಎಲ್ಲಿ ಸಾರ್? ಅದಕ್ಕಿಂತ ಸೈಲೆಂಟ್ ಯಾವುದೂ ಇಲ್ಲ." ಅಳಿಯ ಮಾತಾಡಲಿಲ್ಲ. ವೆಲ್ಡರ್ ಫ್ರೀ ಫ್ಲೋದ ಹಿಂದಿನ ಬಾಟಲ್ ಕೊಯ್ದು ಕಸದ ಡಬ್ಬಿಯ ಮೇಲೆ ಬೋರಲು ಹಾಕಿದ. ಸದ್ದು ಹೀರಲೆಂದು ಒಳಗೆ ತುಂಬಿದ್ದ ಗ್ಲಾಸ್ ವೂಲ್ ಸುಟ್ಟು ಪುಡಿಯಾಗಿತ್ತು; ಹಿಡಿಯಷ್ಟೂ ಉದುರಲಿಲ್ಲ. ಅದು ಹೊಸದಿದ್ದಾಗಲೂ ಹೀರುವುದು ಕಿರುಚುವ ಸದ್ದನ್ನು. ಮಂದ್ರಕ್ಕೆ ಅದು ಸಾಲದು, ಕೋಣೆಗಳು ಬೇಕು. ನಡುವೆ ಒಂದು ರೆಸೊನೇಟರ್, ಹಿಂದೆ ಒಳಗೋಡೆಗಳಿರುವ ದಪ್ಪ ಮಫ್ಲರ್. ಸದ್ದು ಕೋಣೆಯಿಂದ ಕೋಣೆಗೆ ಬಡಿದಾಡಿ, ಹೋಗುವ ಅಲೆಯನ್ನು ಬರುವ ಅಲೆಯೇ ತಿಂದುಹಾಕುತ್ತದೆ. ಸಂಜೆ ಗಾಡಿ ಸ್ಟಾರ್ಟ್ ಮಾಡಿದಾಗ ವೆಲ್ಡರ್ ಹಿಂದೆ ಕೂತು ಜೋಡಣೆಗಳ ಹತ್ತಿರ ಅಂಗೈ ಆಡಿಸಿ ಗಾಳಿ ಸೋರುತ್ತದೆಯೇ ನೋಡಿದ. "ಪಿಕಪ್ ಹೋಯ್ತೇನೋ" ಅಂತ ಅಳಿಯ ದಾರಿಯುದ್ದಕ್ಕೂ ಗೊಣಗಿದ. ಲಾಲ್‌ಬಾಗ್ ಪಶ್ಚಿಮ ದ್ವಾರದ ಸಿಗ್ನಲ್ಲಿನಲ್ಲಿ ಆ ಗೊಣಗಾಟ ನನಗೆ ಸ್ಪಷ್ಟವಾಗಿ ಕೇಳಿಸಿತು.

ಹಳೆಯ ಬಾಟಲನ್ನು ಅಳಿಯನ ಸಕಲೇಶಪುರದ ಕಡೆಯ ಗೆಳೆಯ ಬೇಡಿ ಪಡೆದು ತೋಟದ ಜೀಪಿಗೆ ಕೂರಿಸಿಕೊಂಡಿದ್ದಾನೆ. ಅಲ್ಲಿ ಕಾಫಿ ತೋಟಕ್ಕೆ ಆನೆಗಳು ನುಗ್ಗುತ್ತವೆ. ಓಡಿಸಲು ರಾತ್ರಿಯೆಲ್ಲ ಪಟಾಕಿ ಸಿಡಿಸಬೇಕು. ಪಟಾಕಿ ಖರ್ಚು ಅರ್ಧಕ್ಕಿಳಿಯಿತೆಂದು ಫೋನ್ ಮಾಡಿ ಕೊಚ್ಚಿಕೊಂಡನಂತೆ. ಆನೆಗಳನ್ನು ಯಾರೂ ಕೇಳಿಲ್ಲ.