ವಿಶ್ವದಾಖಲೆಯ ಮೇಲೊಂದು ನಡಿಗೆ

ಏಳನೇ ತರಗತಿಯ ನನ್ನ ಮಗನಿಗೆ ಬೇಸಿಗೆ ರಜೆಯಲ್ಲಿ ಗಿನ್ನೆಸ್ ಹುಚ್ಚು ಹಿಡಿಯಿತು. ಒಂಟಿ ಕಾಲಲ್ಲಿ ನಿಂತು ವಿಶ್ವದಾಖಲೆ ಮಾಡುತ್ತೇನೆಂದು ಅಡುಗೆಮನೆ ಬಾಗಿಲಲ್ಲೇ ನಿಂತುಬಿಡುತ್ತಿದ್ದ. ಊಟ ತಿಂಡಿಯ ಪರಿವೆಯೂ ಇಲ್ಲ! ‘ಮೊದಲು ಒಂದು ದಾಖಲೆಯನ್ನು ಕಣ್ಣಾರೆ ನೋಡು, ಬಾ’ ಎಂದು ಹುಬ್ಬಳ್ಳಿಗೆ ಕರೆದೊಯ್ದೆ.

ಅಲ್ಲಿನ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 8ನೇ ಪ್ಲಾಟ್‌ಫಾರಂ ಜಗತ್ತಿನಲ್ಲೇ ಅತಿ ಉದ್ದದ್ದೆಂದು ಗಿನ್ನೆಸ್ ಮನ್ನಣೆ ಪಡೆದಿದೆ. ಉದ್ದ 1,507 ಮೀಟರ್. ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಅದಕ್ಕೂ ಮೊದಲು ಈ ಕಿರೀಟ ಉತ್ತರ ಪ್ರದೇಶದ ಗೋರಖ್‌ಪುರದ್ದಾಗಿತ್ತು (1,366 ಮೀ.). ಅದಕ್ಕೂ ಹಿಂದೆ ಪಶ್ಚಿಮ ಬಂಗಾಳದ ಖರಗ್‌ಪುರದ್ದು (1,072 ಮೀ.).

ಒಂದು ತುದಿಯಿಂದ ಹೆಜ್ಜೆ ಎಣಿಸುತ್ತ ಹೊರಟೆವು. ನಡುವೆ ದಣಿವಾರಿಸಿಕೊಳ್ಳುತ್ತಿದ್ದ ಹಮಾಲರೊಬ್ಬರು ನಕ್ಕರು: ‘ದಾಖಲೆ ಪುಸ್ತಕದಾಗ ಐತಿ ಅಂತಾರ್ರೀ. ನಮಗರ ಅದು ಕಾಲಾಗ ಗೊತ್ತಾಗ್ತೈತಿ ನೋಡ್ರಿ!’

ಈ ಉದ್ದ ಬರೀ ಮೆರೆಯಲಿಕ್ಕಲ್ಲ. 24 ಬೋಗಿಗಳ ರೈಲೊಂದರ ಉದ್ದ 600 ಮೀಟರಿಗೆ ತುಸು ಕಡಿಮೆ. ಅಂಥ ಎರಡು ರೈಲುಗಳು ಇಲ್ಲಿ ಒಂದರ ಹಿಂದೊಂದು ನಿಂತು, ಎರಡು ದಿಕ್ಕಿಗೂ ಹೊರಡಬಹುದು. ಅಗತ್ಯಕ್ಕಾಗಿ ಮಾಡಿದ ಕೆಲಸದ ಹಿಂದೆ ದಾಖಲೆಯೂ ಬಂತು.

ಇಪ್ಪತ್ತು ನಿಮಿಷಗಳ ಬಳಿಕ ಇನ್ನೊಂದು ತುದಿ ತಲುಪಿದೆವು. ನನ್ನ ಲೆಕ್ಕ 2,148 ಹೆಜ್ಜೆ, ಅವನದು 2,655. ‘ಯಾರದ್ದು ಸರಿ, ಅಪ್ಪಾ?’

ದಾಖಲೆಯ ಗುಟ್ಟು ಇರುವುದು ಈ ಪ್ರಶ್ನೆಯಲ್ಲೇ. ಹೆಜ್ಜೆ ಒಬ್ಬೊಬ್ಬರದು ಒಂದೊಂದು. ಮೀಟರ್ ಎಲ್ಲರಿಗೂ ಒಂದೇ. ಸಾಧನೆಯನ್ನು ಅಳೆಯಲು ಬರಬೇಕು, ಇನ್ನೊಬ್ಬರು ಮುರಿಯಲೂ ಬರಬೇಕು, ಪುರಾವೆಯೂ ಬೇಕು ಎನ್ನುತ್ತದೆ ಗಿನ್ನೆಸ್. ಮೊದಲು ಅಂತರ್ಜಾಲದಲ್ಲಿ ಅರ್ಜಿ ಹಾಕಿ ನಿಯಮಾವಳಿ ಪಡೆಯಬೇಕು. ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಾದೀತು. ಆಮೇಲೆ ಅದರಂತೆಯೇ ಪ್ರಯತ್ನ ನಡೆಸಿ ವಿಡಿಯೊ, ಛಾಯಾಚಿತ್ರ, ಸಾಕ್ಷಿಗಳ ಹೇಳಿಕೆ ಕಳುಹಿಸಬೇಕು. ಅಂದಹಾಗೆ, ಅಪ್ಪ ಅಮ್ಮ ಸಾಕ್ಷಿಯಾಗುವಂತಿಲ್ಲ!

ಪಾಲಕರು ಇನ್ನೊಂದು ಮಾತು ನೆನಪಿಡಬೇಕು. ನಿದ್ದೆಗೆಡುವ ದಾಖಲೆಯನ್ನು ಆರೋಗ್ಯಕ್ಕೆ ಅಪಾಯವೆಂದು ಗಿನ್ನೆಸ್ 1997ರಲ್ಲೇ ಕೈಬಿಟ್ಟಿದೆ. ಮೈಗೆ ಕುತ್ತು ತರುವ ಹಟ ಸಾಧನೆಯಲ್ಲ.

ಊರಿಗೆ ಮರಳಿದ ಮರುದಿನ ಮಗ ಒಂಟಿ ಕಾಲಲ್ಲಿ ನಿಲ್ಲಲಿಲ್ಲ. ಟೇಪು ಹಿಡಿದು ಅಂಗಳದಲ್ಲಿ ತನ್ನ ಉದ್ದಜಿಗಿತ ಅಳೆಯುತ್ತಿದ್ದ. ‘ಎಷ್ಟಾಯಿತೋ?’ ಎಂದು ಹತ್ತಿರ ಹೋದೆ. ‘ನೀನು ನೋಡಿದರೆ ಲೆಕ್ಕಕ್ಕಿಲ್ಲ ಅಪ್ಪಾ’ ಎಂದವನೇ, ಪಕ್ಕದ ಮನೆಯ ಅಜ್ಜನನ್ನು ಸಾಕ್ಷಿಗೆ ಕರೆದ!